ಹೊಟ್ಟೆಪಾಡಿಗೆ ಹೊಟ್ಟೆಯನ್ನೇ ಕೊಟ್ಟವನು

ಕುಡಿದವನ ಹೊಟ್ಟೆಯೊಳಗೆ ಏನಾಗುತ್ತೆ? ಇವತ್ತಾದರೆ ಎಂಡೋಸ್ಕೋಪಿ ಮಾಡಿ ಪರದೆ ಮೇಲೆ ತೋರಿಸಿಬಿಡ್ತಾರೆ. ಆದರೆ ಕರೆಂಟ್ ದೀಪವೂ ಇಲ್ಲದ ಕಾಲದಲ್ಲಿ, 1833ರಲ್ಲೇ, ಅಮೆರಿಕದ ಸೈನ್ಯದ ಒಬ್ಬ ಡಾಕ್ಟರ್ ಇದನ್ನು ಕಣ್ಣಾರೆ ನೋಡಿ, ದಿನಾಂಕ ಹಾಕಿ ಬರೆದಿಟ್ಟಿದ್ದ. ಅವನ ಹೆಸರು ವಿಲಿಯಂ ಬ್ಯೂಮಾಂಟ್. ಅವನು ಹಾಗೆ ನೋಡಿದ್ದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ಕೂಲಿಯವನ ಹೊಟ್ಟೆಯನ್ನ. ಮೆಡಿಕಲ್ ಓದೋ ಸ್ನೇಹಿತರಿಗೆ ಎರಡೂ ಹೆಸರು ಗೊತ್ತಿರುತ್ತೆ. ಆದರೆ ಪಠ್ಯಪುಸ್ತಕದಲ್ಲಿ ಬ್ಯೂಮಾಂಟ್ ಅಂದರೆ ವಿಜ್ಞಾನಿ, ಸೇಂಟ್ ಮಾರ್ಟಿನ್ ಅಂದರೆ ಒಂದು ಹೊಟ್ಟೆ, ಅಷ್ಟೇ. ಇಲ್ಲಿ ನಾನು ಬರೀತಿರೋದು ಆ ಹೊಟ್ಟೆಯ ಯಜಮಾನನ ಬಗ್ಗೆ.

ಮೊದಲೇ ಒಂದು ಮಾತು. ಕನ್ನಡದಲ್ಲಿ ಡಾಕ್ಟರಿಗೆ ಬಹುವಚನ, ಕೂಲಿಯವನಿಗೆ ಏಕವಚನ ಹಾಕೋದು ನಮಗೆಲ್ಲ ರೂಢಿ. ಈ ಕಥೆಯಲ್ಲಿ ಹಾಗೆ ಮಾಡೋಕೆ ನನಗೆ ಮನಸ್ಸು ಬರಲಿಲ್ಲ. ಇಬ್ಬರಿಗೂ ಏಕವಚನವೇ ಇರಲಿ.

ಅಲೆಕ್ಸಿಸ್ ಕೆನಡಾದ ಕ್ವಿಬೆಕ್ ಕಡೆಯ ಬರ್ತಿಯೇ ಅನ್ನೋ ಊರಿನವನು. ಮನೆಮಾತು ಫ್ರೆಂಚ್. ಹುಟ್ಟಿದ್ದು 1802ರಲ್ಲಿ ಅಂತ ಹೆಚ್ಚಿನವರು ಬರೀತಾರೆ. ಆಗ ಆ ಕಡೆ ದೊಡ್ಡ ವ್ಯಾಪಾರ ಅಂದರೆ ಬೀವರ್ ಥರದ ಪ್ರಾಣಿಗಳ ತುಪ್ಪಳದ್ದು. ಕಾಡಿನಲ್ಲಿ ತುಪ್ಪಳ ಕೊಂಡು ಮೂಟೆ ಕಟ್ಟಿ, ಉದ್ದನೆಯ ದೋಣಿಗಳಲ್ಲಿ ತುಂಬಿ, ನದಿ ಸರೋವರಗಳನ್ನು ದಾಟಿಸಿ ತರಬೇಕು. ನೀರು ಇಲ್ಲದ ಕಡೆ ದೋಣಿಯನ್ನೂ ಮೂಟೆಯನ್ನೂ ಹೆಗಲ ಮೇಲೆ ಹೊತ್ತು ನಡೀಬೇಕು. ಈ ಕೆಲಸಕ್ಕೆ ಫ್ರೆಂಚ್ ಕೆನಡಾದ ಹಳ್ಳಿ ಹುಡುಗರೇ ಬೇಕಾಗಿದ್ದರು. ಅಲೆಕ್ಸಿಸ್ ಕೂಡ ಅಮೆರಿಕನ್ ಫರ್ ಕಂಪನಿಗೆ ಹುಟ್ಟು ಹಾಕೋ ಕೆಲಸಕ್ಕೆ ಸೇರಿಕೊಂಡ. ಓದು ಬರಹ ಇರಲಿಲ್ಲ. ಇಂಥವರಿಗೆ ನಮ್ಮಲ್ಲಿ ಹೊಟ್ಟೆ ಸೀಳಿದರೂ ಎರಡಕ್ಷರ ಇಲ್ಲ ಅಂತಾರೆ. ಇವನ ವಿಷಯದಲ್ಲಿ ಹೊಟ್ಟೆ ಸೀಳಿದ್ದೂ ನಿಜ, ಆ ಸೀಳಿನಿಂದಲೇ ಇನ್ನೊಬ್ಬ ಒಂದು ಪುಸ್ತಕ ಬರೆದಿದ್ದೂ ನಿಜ.

1822ನೇ ಇಸವಿ ಜೂನ್ 6. ಜಾಗ ಹ್ಯೂರಾನ್ ಸರೋವರದ ಮ್ಯಾಕಿನಾ ದ್ವೀಪ, ಈಗಿನ ಮಿಷಿಗನ್ ರಾಜ್ಯ. ಚಳಿಗಾಲದ ತುಪ್ಪಳವೆಲ್ಲ ಬಂದು ಸೇರೋ ಹೊತ್ತು, ಕಂಪನಿಯ ಅಂಗಡಿ ತುಂಬ ಜನ. ಯಾರದೋ ಕೈಲಿದ್ದ ಬಾತುಕೋಳಿ ಹೊಡೆಯೋ ಬಂದೂಕು ತಾನಾಗೇ ಹಾರಿತು. ಒಂದು ಗಜದಷ್ಟೂ ದೂರ ಇರಲಿಲ್ಲ. ಚಿಲ್ಲುಗಳೆಲ್ಲ ಅಲೆಕ್ಸಿಸ್‌ನ ಎಡ ಪಕ್ಕೆಗೆ ನುಗ್ಗಿದವು. ಪಕ್ಕೆಲುಬು ಮುರಿದು, ಶ್ವಾಸಕೋಶದ ಒಂದು ತುಂಡು ಹೊರಗೆ ಬಂದಿತ್ತು. ಅದರ ಕೆಳಗೆ ಜಠರಕ್ಕೂ ತೂತಾಗಿ, ಬೆಳಿಗ್ಗೆ ತಿಂದ ತಿಂಡಿ ಅಲ್ಲಿಂದಲೇ ಸುರೀತಿತ್ತು. ಕೋಟೆಯ ಡಾಕ್ಟರ್ ಬ್ಯೂಮಾಂಟ್ ಓಡಿ ಬಂದ. ಗಾಯ ತೊಳೆದು ಪಟ್ಟಿ ಕಟ್ಟಿದ, ಆದರೆ ಬದುಕೋ ಆಸೆ ಅವನಿಗೇ ಇರಲಿಲ್ಲ.

ಈ ಬ್ಯೂಮಾಂಟ್ ಕೂಡ ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ ಓದಿದವನಲ್ಲ. 1785ರಲ್ಲಿ ಕನೆಕ್ಟಿಕಟ್‌ನ ರೈತರ ಮನೆಯಲ್ಲಿ ಹುಟ್ಟಿ, ಒಬ್ಬ ಹಳ್ಳಿ ಡಾಕ್ಟರ ಹತ್ತಿರ ಶಿಷ್ಯನಾಗಿದ್ದು ಕೆಲಸ ಕಲಿತು, 1812ರ ಯುದ್ಧದಲ್ಲಿ ಗಾಯಾಳುಗಳ ಮಧ್ಯೆ ಪಳಗಿದವನು. ಕೈಚಳಕ ಇತ್ತು, ತಾಳ್ಮೆ ಇತ್ತು. ಹೆಸರು ಮಾಡಬೇಕು ಅನ್ನೋ ಹಸಿವೂ ಇತ್ತು.

ಸುಮಾರು ಹದಿನೇಳು ದಿನ ಅಲೆಕ್ಸಿಸ್ ನುಂಗಿದ್ದೆಲ್ಲ ತೂತಿನಿಂದ ಹೊರಗೆ ಬಂತು. ಅಷ್ಟೂ ದಿನ ಗುದದ್ವಾರದ ಮೂಲಕ ದ್ರವ ಆಹಾರ ಕೊಟ್ಟು ಜೀವ ಉಳಿಸಿದ. ಆಮೇಲೆ ಪಟ್ಟಿ ಬಿಗಿದು ಕಟ್ಟಿದರೆ ಊಟ ಒಳಗೆ ನಿಲ್ಲೋಕೆ ಶುರುವಾಯ್ತು. ತಿಂಗಳುಗಟ್ಟಲೆ ಮುರಿದ ಎಲುಬಿನ ಚೂರು ತೆಗೆದದ್ದೇ ತೆಗೆದದ್ದು. ಗಾಯ ಮಾಗಿತು, ಆದರೆ ವಿಚಿತ್ರವಾಗಿ: ಜಠರದ ತೂತಿನ ಅಂಚು ಎದೆಗೂಡಿನ ಗೋಡೆಗೇ ಅಂಟಿಕೊಂಡು, ಹೊರಗಿನಿಂದ ನೇರ ಜಠರದೊಳಕ್ಕೆ ಒಂದು ಕಾಯಂ ಬಾಗಿಲು ಆಗಿಬಿಟ್ಟಿತು. ಮುಂದೆ ಜಠರದ ಒಳಪದರವೇ ಮಡಚಿ ಅದಕ್ಕೊಂದು ಕವಾಟ ಆಯ್ತು. ಒಳಗಿನಿಂದ ಏನೂ ಚೆಲ್ಲಲ್ಲ. ಹೊರಗಿನಿಂದ ಬೆರಳಲ್ಲಿ ಒತ್ತಿದರೆ ತೆರೆದುಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ನಾನ್-ರಿಟರ್ನ್ ವಾಲ್ವ್.

ಕೂಲಿ ಮಾಡಲಾರದ ಪರದೇಶಿಯನ್ನು ಎಷ್ಟು ದಿನ ಸಾಕೋದು? ಮಾರನೇ ವರ್ಷ ಊರಿನವರು ಖರ್ಚು ಕೊಡಲ್ಲ ಅಂದುಬಿಟ್ಟರು, ದೋಣಿ ಹತ್ತಿಸಿ ಊರಿಗೆ ಕಳಿಸೋ ಯೋಚನೆ ಮಾಡಿದರು. ಆ ಸ್ಥಿತಿಯಲ್ಲಿ ಕಳಿಸಿದ್ದರೆ ದಾರಿಯಲ್ಲೇ ಸಾಯ್ತಿದ್ದ. ಬ್ಯೂಮಾಂಟ್ ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಅವನ ಸಂಬಳವೂ ಆಗ ಅಷ್ಟಕ್ಕಷ್ಟೇ. ಇದನ್ನು ನಾವು ಮರೀಬಾರದು. ಅಲೆಕ್ಸಿಸ್ ಚೇತರಿಸಿಕೊಂಡು ಅದೇ ಮನೆಯಲ್ಲಿ ಸೌದೆ ಒಡೆಯೋದು, ಭಾರ ಹೊರೋದು, ಹೀಗೆ ಆಳಿನ ಕೆಲಸ ಮಾಡ್ತಾ ಉಳಿದ. ದಯೆ ಎಲ್ಲಿ ಮುಗೀತು, ಲೆಕ್ಕಾಚಾರ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋದು ಕಷ್ಟ. ಬಹುಶಃ ಬ್ಯೂಮಾಂಟ್‌ಗೂ ಗೊತ್ತಿರಲಿಲ್ಲ.

ಯಾಕಂದರೆ ಅವನ ಮನೆಯಲ್ಲೀಗ ಜಗತ್ತಿನ ಯಾವ ಲ್ಯಾಬಿನಲ್ಲೂ ಇಲ್ಲದ ಸೌಲಭ್ಯ ಇತ್ತು. ಅನ್ನ ಹೊಟ್ಟೆಯಲ್ಲಿ ಅರೆದು ಕರಗುತ್ತೋ, ಕೊಳೆತು ಕರಗುತ್ತೋ, ಯಾವುದೋ ರಸದಿಂದ ಕರಗುತ್ತೋ ಅಂತ ಯುರೋಪಿನ ಪಂಡಿತರು ಜಗಳ ಆಡ್ತಿದ್ದ ಕಾಲ ಅದು. 1825ರ ಆಗಸ್ಟ್ 1ರ ಮಧ್ಯಾಹ್ನ 12 ಗಂಟೆಗೆ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಸಾಲೆ ಹಾಕಿ ಬೇಯಿಸಿದ ಮಾಂಸ, ಉಪ್ಪು ಹಾಕಿದ ಹಸಿ ಹಂದಿಮಾಂಸ, ಹಸಿ ದನದ ಮಾಂಸ, ಬೇಯಿಸಿದ ದನದ ಮಾಂಸ, ಹಳೇ ಬ್ರೆಡ್ಡು, ಹಸಿ ಎಲೆಕೋಸು ಇಷ್ಟನ್ನೂ ಒಂದೊಂದು ಚೂರು ಕಟ್ಟಿ, ತೂತಿನಿಂದ ಒಳಗೆ ಇಳಿಬಿಟ್ಟ. ಅಲೆಕ್ಸಿಸ್ ಎಂದಿನಂತೆ ಮನೆಗೆಲಸಕ್ಕೆ ಹೋದ. ಒಂದು ಗಂಟೆಗೆ ದಾರ ಎಳೆದು ನೋಡಿದರೆ ಕೋಸೂ ಬ್ರೆಡ್ಡೂ ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಎರಡು ಗಂಟೆಗೆ ಬೇಯಿಸಿದ ದನದ ಮಾಂಸ ಮತ್ತು ಹಂದಿಮಾಂಸವೂ ದಾರದಲ್ಲಿರಲಿಲ್ಲ. ಆಮೇಲೆ ಅಲೆಕ್ಸಿಸ್‌ಗೆ ಹೊಟ್ಟೆ ತೊಳಸಿ, ತಲೆನೋವು ಬಂದು, ಪ್ರಯೋಗ ನಿಲ್ಲಿಸಬೇಕಾಯ್ತು. ಅದೇ ವಾರ ಜಠರರಸವನ್ನು ನಳಿಕೆ ಇಟ್ಟು ಹೊರಗೆ ತೆಗೆದು, ಗಾಜಿನ ಸೀಸೆಯಲ್ಲಿ ಮಾಂಸದ ಜೊತೆ ಹಾಕಿ, ಮೈಯಷ್ಟೇ ಬಿಸಿಯಲ್ಲಿ, ಅಂದರೆ 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಟ್ಟ. ನಿಧಾನವಾಗಿಯಾದರೂ ಸೀಸೆಯೊಳಗೂ ಮಾಂಸ ಕರಗಿತು. ಜೀರ್ಣ ಅನ್ನೋದು ರಸಾಯನಶಾಸ್ತ್ರ ಅಂತ ಆ ಸೀಸೆ ತೋರಿಸಿತು.

ಪ್ರಯೋಗ ಅಂದರೆ ನಮಗೆ ರೀಡಿಂಗ್, ಗ್ರಾಫ್, ವೈವಾ. ಅಲೆಕ್ಸಿಸ್‌ಗೆ ಅದು ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಮಲಗೋದು. ಥರ್ಮಾಮೀಟರ್, ರಬ್ಬರ್ ನಳಿಕೆ, ತಣ್ಣನೆ ಮಾಂಸದ ಚೂರು ಇವೆಲ್ಲ ಪಕ್ಕೆಯಿಂದ ಒಳಗೆ ಹೋಗಿ ಬರೋದು. ರಸ ತೆಗೆದಾಗಲೆಲ್ಲ ಹೊಟ್ಟೆಯ ಬಾಯಿ ಕುಸಿದ ಹಾಗಾಗಿ ತಲೆ ಸುತ್ತು ಬರ್ತಿತ್ತು. ರುಚಿ ನೋಡೋಕೆ ಅಂತ ಡಾಕ್ಟರ್ ತನ್ನ ನಾಲಿಗೆಯನ್ನೇ ಆ ಒಳಪದರಕ್ಕೆ ತಾಗಿಸಿದ್ದೂ ಉಂಟು. ಓದುವಾಗ ಬ್ಯೂಮಾಂಟ್‌ನ ಶ್ರದ್ಧೆಗೆ ಕೈ ಮುಗೀಬೇಕು ಅನ್ಸುತ್ತೆ, ಆದರೆ ಆ ಹೊತ್ತಿನಲ್ಲಿ ಮಲಗಿದ್ದವನ ಮುಖ ಹೇಗಿತ್ತೋ ಅಂತ ಯೋಚಿಸಿದರೆ ಮೈ ಜುಂ ಅನ್ನುತ್ತೆ.

ಆ ವರ್ಷವೇ ಅಲೆಕ್ಸಿಸ್ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ. ಬ್ಯೂಮಾಂಟ್ ಇದನ್ನು ಕೃತಘ್ನತೆ ಅಂತ ತಿಳಿದ. ನನಗೆ ಹಾಗೆ ಕಾಣಲ್ಲ. ಇಪ್ಪತ್ತು ದಾಟಿದ ಹುಡುಗ ತನ್ನೂರಿಗೆ ಹೋದ, ಅಷ್ಟೇ. ಊರಲ್ಲಿ ಮರಿ ಜೋಲಿ ಅನ್ನೋ ಹುಡುಗಿಯನ್ನು ಮದುವೆಯಾದ, ಮಕ್ಕಳಾದವು, ಹೊಟ್ಟೆಯಲ್ಲಿ ತೂತು ಇಟ್ಟುಕೊಂಡೇ ದುಡಿದು ತಿಂದ. ಆದರೆ ಬಡತನ ಬಿಡಲಿಲ್ಲ. ಬ್ಯೂಮಾಂಟ್ ಕೂಡ ಬಿಡಲಿಲ್ಲ. ತುಪ್ಪಳ ಕಂಪನಿಯವರ ಮೂಲಕ ಹುಡುಕಿಸಿ, 1829ರಲ್ಲಿ ಹೆಂಡತಿ ಮಕ್ಕಳ ಸಮೇತ ಮಿಸಿಸಿಪ್ಪಿ ದಂಡೆಯ ಪ್ರೇರಿ ಡು ಶೀನ್ ಕೋಟೆಗೆ ಕರೆಸಿಕೊಂಡ. 1831ರಲ್ಲಿ ಮನೆಯವರು ವಾಪಸ್ ಹೋಗಬೇಕು ಅಂತ ಹಟ ಹಿಡಿದಾಗ, ಅಲೆಕ್ಸಿಸ್ ಸಂಸಾರವನ್ನೆಲ್ಲ ಒಂದು ತೆರೆದ ದೋಣಿಯಲ್ಲಿ ಕೂರಿಸಿಕೊಂಡು ಮಿಸಿಸಿಪ್ಪಿ, ಒಹಾಯೋ ನದಿಗಳನ್ನೂ ಈರಿ, ಒಂಟಾರಿಯೋ ಸರೋವರಗಳನ್ನೂ ದಾಟಿ ಮಾಂಟ್ರಿಯಲ್ ಸೇರಿದ. ಪಕ್ಕೆಯಲ್ಲಿ ತೂತು ಇರೋ ಮನುಷ್ಯ! ಡಾಕ್ಟರನ 238 ಪ್ರಯೋಗಗಳಿಗಿಂತ ಈ ಒಂದು ಪ್ರಯಾಣ ನನಗೆ ದೊಡ್ಡದಾಗಿ ಕಾಣುತ್ತೆ.

1832ರ ಅಕ್ಟೋಬರ್‌ನಲ್ಲಿ ಒಂದು ಕರಾರು ಪತ್ರ ಆಯ್ತು. ಒಂದು ವರ್ಷ ಅಲೆಕ್ಸಿಸ್ ಬ್ಯೂಮಾಂಟ್ ಹೇಳಿದ ಕಡೆ ಬರಬೇಕು, ಹೇಳಿದ ಕೆಲಸ ಮಾಡಬೇಕು, ತನ್ನ ಹೊಟ್ಟೆಯನ್ನು ಪ್ರಯೋಗಕ್ಕೆ ಒಡ್ಡಬೇಕು. ಬದಲಿಗೆ ಊಟ, ಬಟ್ಟೆ, ವಸತಿ, ಜೊತೆಗೆ 150 ಡಾಲರ್. ಅಲೆಕ್ಸಿಸ್ ಸಹಿ ಇರಬೇಕಾದ ಜಾಗದಲ್ಲಿ ಒಂದು ಗುರುತು ಹಾಕಿದ. ಹೊಟ್ಟೆಪಾಡು ಅನ್ನೋ ನಮ್ಮ ಪದಕ್ಕೆ ಇದಕ್ಕಿಂತ ನೇರವಾದ ಅರ್ಥ ಎಲ್ಲೂ ಸಿಗಲಿಕ್ಕಿಲ್ಲ. ಆಮೇಲೆ ಸಂಬಳ ಸರ್ಕಾರದಿಂದ ಬರಲಿ ಅಂತ ಅವನನ್ನು ಸೈನ್ಯಕ್ಕೂ ಸೇರಿಸಿದರು.

ಈ ಕರಾರಿನ ವರ್ಷದಲ್ಲೇ, 1833ರಲ್ಲಿ, ಕುಡಿತದ ಪ್ರಸಂಗ ಬರೋದು. ಮನೆಯಿಂದ ದೂರ, ದಿನಾ ನಳಿಕೆ ದಾರ ಎಳೆದಾಟ. ಅಲೆಕ್ಸಿಸ್ ಕುಡೀತಿದ್ದ, ಕೆಲವು ಸಲ ದಿನಗಟ್ಟಲೆ. ಬ್ಯೂಮಾಂಟ್‌ಗೆ ಸಿಟ್ಟು ಬರ್ತಿತ್ತು, ಆದರೂ ಬಗ್ಗಿ ನೋಡೋದು ಬಿಡಲಿಲ್ಲ. ಒಂದು ವಾರಕ್ಕೂ ಹೆಚ್ಚು ಕುಡಿದ ಮೇಲೆ ನೋಡಿದಾಗ, ಸಾಮಾನ್ಯವಾಗಿ ತಿಳಿ ಗುಲಾಬಿ ಬಣ್ಣದಲ್ಲಿ ಮಖಮಲ್ಲಿನ ಹಾಗಿರೋ ಒಳಪದರ ಅಲ್ಲಲ್ಲಿ ಕೆಂಪಗೆ ಬಾತಿತ್ತು, ಬಾಯಿಹುಣ್ಣಿನಂಥ ಮಚ್ಚೆಗಳು ಎದ್ದಿದ್ದವು, ಕೆಲವು ಕಡೆ ರಕ್ತ ಒಸರಿತ್ತು. ರಸ ತೆಗೆದರೆ ಅದರ ಜೊತೆ ದಪ್ಪ ಲೋಳೆ, ರಕ್ತದ ಛಾಯೆ. ಆದರೆ ಅಲೆಕ್ಸಿಸ್‌ಗೆ ನೋವೇ ಇರಲಿಲ್ಲ! ಹಸಿವು ಸರಿ, ನಿದ್ದೆ ಸರಿ, ಏನೂ ಆಗಿಲ್ಲ ಅನ್ನೋ ಹಾಗೆ ಓಡಾಡ್ತಿದ್ದ. ಕುಡಿತ ನಿಲ್ಲಿಸಿ ಸಪ್ಪೆ ಊಟ ಕೊಟ್ಟ ಮೇಲೆ ಕೆಲವೇ ದಿನದಲ್ಲಿ ಮಚ್ಚೆ ಮಾಯವಾಗಿ ಪದರ ಮತ್ತೆ ಗುಲಾಬಿಯಾಯ್ತು.

ಬ್ಯೂಮಾಂಟ್ ಬರೆದಿಟ್ಟ ಇನ್ನೊಂದು ವಿಷಯವನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಅಲೆಕ್ಸಿಸ್‌ಗೆ ಕೋಪ ಬಂದರೆ ಒಳಪದರದ ಬಣ್ಣ ಬದಲಾಗ್ತಿತ್ತು, ರಸ ಸರಿಯಾಗಿ ಬರ್ತಿರಲಿಲ್ಲ, ಪಿತ್ತ ಜಠರಕ್ಕೆ ನುಗ್ತಿತ್ತು. ಅಂದರೆ ತಲೆಯಲ್ಲಿ ಆದದ್ದು ಹೊಟ್ಟೆಯ ಗೋಡೆ ಮೇಲೆ ಕಾಣ್ತಿತ್ತು. ನಮ್ಮ ಹಿರಿಯರು ಹೊಟ್ಟೆ ಉರಿ, ಹೊಟ್ಟೆ ಕಿಚ್ಚು ಅಂತ ಮನಸ್ಸಿನ ವಿಷಯಕ್ಕೆಲ್ಲ ಹೊಟ್ಟೆಯನ್ನೇ ಎಳೆದು ತಂದದ್ದು ಸುಮ್ಮನೆ ಅಲ್ಲ.

ಈ ಎರಡು ವಿಷಯಗಳ ಮಧ್ಯೆ ತಂತಿ ಎಳೆಯೋಕೆ ನೂರಐವತ್ತು ವರ್ಷ ಬೇಕಾಯ್ತು. ರಷ್ಯಾದ ಪಾವ್ಲೋವ್ ನಾಯಿಗಳ ಹೊಟ್ಟೆಗೆ ಬೇಕಂತಲೇ ತೂತು ಮಾಡಿ, ನುಂಗಿದ ಅನ್ನ ಜಠರಕ್ಕೆ ತಲುಪದಿದ್ದರೂ ರಸ ಸುರಿಯುತ್ತೆ, ಮಿದುಳಿನಿಂದ ಇಳಿಯೋ ವೇಗಸ್ ನರ ಕತ್ತರಿಸಿದರೆ ನಿಲ್ಲುತ್ತೆ ಅಂತ ತೋರಿಸಿ 1904ರಲ್ಲಿ ನೊಬೆಲ್ ಪಡೆದ. ಆಮೇಲೆ 1979ರಲ್ಲಿ ಆಂದ್ರೆ ರಾಬರ್ಟ್ ಅನ್ನೋ ವಿಜ್ಞಾನಿ ಇಲಿಗಳಿಗೆ ನೀರು ಬೆರೆಸದ ಶುದ್ಧ ಆಲ್ಕೋಹಾಲ್ ಕುಡಿಸಿದ. ಹಾಗೆ ಕುಡಿಸಿದರೆ ಜಠರದ ಒಳಪದರ ಸುಟ್ಟ ಹಾಗೆ ಕೆಂಪು ಗೆರೆ ಗೆರೆ ಆಗುತ್ತೆ. ಆದರೆ ಮೊದಲೇ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತುವನ್ನು ಚೂರೇ ಚೂರು ಕೊಟ್ಟಿದ್ದರೆ ಆ ಗೆರೆಗಳು ಬರೋದೇ ಇಲ್ಲ. ಅದು ನಮ್ಮ ಜಠರ ತಾನೇ ತಯಾರಿಸೋ ವಸ್ತು. ರಾಬರ್ಟ್ ಕೆಲಸ ಮಾಡ್ತಿದ್ದದ್ದು ಕಲಮಜೂದಲ್ಲಿ. ಅದೂ ಮಿಷಿಗನ್ನೇ, ಅಲೆಕ್ಸಿಸ್‌ಗೆ ಗುಂಡು ಬಿದ್ದ ರಾಜ್ಯ!

ಮುಂದಿನ ಹೆಜ್ಜೆ ಇನ್ನೂ ಮಜವಾಗಿದೆ. ಮಿದುಳಿನಲ್ಲಿ ಟಿಆರ್‌ಎಚ್ ಅನ್ನೋ ಒಂದು ಪೆಪ್ಟೈಡ್ ಇದೆ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸಣ್ಣ ಸರ. ಪ್ರೋಟೀನು ಉದ್ದನೆಯ ಮಾಲೆಯಾದರೆ ಇದು ಮೂರೇ ಹೂವಿನ ತುಂಡು. ಥೈರಾಯ್ಡ್ ಕೆಲಸಕ್ಕೆ ಸಂಬಂಧಪಟ್ಟದ್ದು ಅಂತ 1969ರಲ್ಲಿ ಇದರ ರಚನೆ ಕಂಡುಹಿಡಿದಿದ್ದರು. ಆಮೇಲೆ ನೋಡಿದರೆ ಇದು ಮಿದುಳಿನ ಬುಡದಲ್ಲಿ, ವೇಗಸ್ ನರ ಹುಟ್ಟೋ ಜಾಗದಲ್ಲೂ ಕೆಲಸ ಮಾಡುತ್ತೆ. ಯ್ವೆಟ್ ಟಾಶೆ ಅವರ ತಂಡ ಇಲಿಗಳ ಮಿದುಳಿನ ಆ ಭಾಗಕ್ಕೆ ಅತಿ ಕಡಿಮೆ ಪ್ರಮಾಣದ ಟಿಆರ್‌ಎಚ್ ಅಥವಾ ಅದರಂಥದೇ ವಸ್ತುವನ್ನು ಕೊಟ್ಟು, ಆಮೇಲೆ ಹೊಟ್ಟೆಗೆ ಆಲ್ಕೋಹಾಲ್ ಹಾಕಿತು. ಒಳಪದರಕ್ಕೆ ಆಗೋ ಹಾನಿ ಎಷ್ಟೋ ಕಡಿಮೆಯಾಯ್ತು. ಔಷಧಿ ಹೋದದ್ದು ತಲೆಗೆ, ಉಳಿದದ್ದು ಹೊಟ್ಟೆ. ವೇಗಸ್ ನರವನ್ನು ಕತ್ತರಿಸಿದರೆ ಈ ರಕ್ಷಣೆ ಇಲ್ಲ. ಅಂದರೆ ಸಂದೇಶ ಹೋಗೋದು ಆ ತಂತಿಯಲ್ಲೇ. ಕೆಳಗೆ ಜಠರದಲ್ಲಿ ಅದು ರಾಬರ್ಟ್ ಹೇಳಿದ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಬಿಡಿಸುತ್ತೆ, ಜೊತೆಗೆ ನೋವು ತಿಳಿಸೋ ನರಗಳ ತುದಿಯಿಂದ ಸಿಜಿಆರ್‌ಪಿ ಅನ್ನೋ ಇನ್ನೊಂದು ಪೆಪ್ಟೈಡನ್ನು, ಮತ್ತೆ ನೈಟ್ರಿಕ್ ಆಕ್ಸೈಡನ್ನು. ಇವು ಒಳಪದರದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಆಲ್ಕೋಹಾಲ್ ಮಾಡೋ ದೊಡ್ಡ ಕೆಡುಕು ಅಂದರೆ ಅಲ್ಲಿನ ರಕ್ತದ ಓಡಾಟ ಕಟ್ಟಿಹಾಕೋದು; ರಕ್ತ ಓಡ್ತಾ ಇದ್ದರೆ ಒಳಗೆ ನುಸುಳಿದ ಆಮ್ಲ ತೊಳೆದು ಹೋಗುತ್ತೆ, ಜೀವಕೋಶಕ್ಕೆ ಆಮ್ಲಜನಕ ಸಿಗುತ್ತೆ. ಎಂಡಾರ್ಫಿನ್ ಥರದ ಮಿದುಳಿನ ಬೇರೆ ಪೆಪ್ಟೈಡ್‌ಗಳೂ ಇಲಿಗಳಲ್ಲಿ ಇಂಥದೇ ಕೆಲಸ ಮಾಡೋದು ಕಂಡಿದೆ.

ಒಂದು ತಿರುವು ಇದೆ. ಅದೇ ಟಿಆರ್‌ಎಚ್ ಜಾಸ್ತಿಯಾದರೆ ಆಮ್ಲ ಉಕ್ಕಿ, ಜಠರ ಕಿವುಚಿದ ಹಾಗಾಗಿ, ಹುಣ್ಣೇ ಆಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಹೊಸದೇನಲ್ಲ: ಗೇನ್ ಮಿತಿಯಲ್ಲಿದ್ದರೆ ಸಿಸ್ಟಮ್ ನೆಟ್ಟಗಿರುತ್ತೆ, ಏರಿಸಿದರೆ ಅದೇ ಲೂಪು ಹುಚ್ಚೆದ್ದು ಕುಣಿಯುತ್ತೆ. ಮತ್ತೆ, ಇದನ್ನು ಓದಿ ಯಾರೂ ಫೆಸ್ಟ್ ರಾತ್ರಿಗೆ ಧೈರ್ಯ ತಂದುಕೊಳ್ಳಬೇಡಿ. ಇದೆಲ್ಲ ಇಲಿಗಳ ಲೆಕ್ಕ, ಮಿದುಳಿಗೆ ಸೂಜಿ ಹಾಕಿ ಕಂಡದ್ದು. ಅಲೆಕ್ಸಿಸ್‌ನ ಮಿದುಳಿನಲ್ಲಿ ಆಗ ಯಾವ ಪೆಪ್ಟೈಡ್ ಎಷ್ಟಿತ್ತು ಅಂತ ಯಾರೂ ಅಳೆದಿಲ್ಲ, ಅಳೆಯೋ ಉಪಾಯವೂ ಇರಲಿಲ್ಲ. ಗಾಯ ಆಗಿದ್ದೂ ಅದು ತಾನಾಗೇ ಮಾಗಿದ್ದೂ ಅವನಿಗೆ ಗೊತ್ತೇ ಆಗಲಿಲ್ಲ. ಒಳಗಿನವನಿಗೆ ಗೊತ್ತಾಗದ್ದು ಹೊರಗೆ ನಿಂತು ನೋಡಿದವನಿಗೆ ಗೊತ್ತಾಯ್ತು.

1833ರ ಕೊನೆಗೆ ಪುಸ್ತಕ ಬಂತು, ಬ್ಯೂಮಾಂಟ್‌ಗೆ ಎರಡೂ ಖಂಡಗಳಲ್ಲಿ ಹೆಸರು ಬಂತು. ದುಡ್ಡು ಮಾತ್ರ ಬರಲಿಲ್ಲ, ಸರ್ಕಾರವನ್ನು ಕೇಳಿದ ಸಹಾಯವೂ ಸಿಗಲಿಲ್ಲ. 1834ರಲ್ಲಿ ಅಲೆಕ್ಸಿಸ್ ಊರಿಗೆ ಹೋದವನು ತಿರುಗಿ ಬರಲಿಲ್ಲ. ಬ್ಯೂಮಾಂಟ್ ಸೇಂಟ್ ಲೂಯಿಸ್‌ನಲ್ಲಿ ಪ್ರಾಕ್ಟೀಸ್ ಮಾಡ್ತಾ ಮುಂದಿನ ಹದಿನೆಂಟು ವರ್ಷ ಪತ್ರ ಬರೆದ, ಜನ ಕಳಿಸಿದ, ತನ್ನ ಮಗನನ್ನೂ ಕಳಿಸಿದ. ಅಲೆಕ್ಸಿಸ್ ಸಂಸಾರ ಸಮೇತ ಬರ್ತೀನಿ, ಹೆಚ್ಚು ಹಣ ಕೊಡಿ ಅನ್ನೋದು; ಬ್ಯೂಮಾಂಟ್ ಒಬ್ಬನೇ ಬಾ ಅನ್ನೋದು. ಚೌಕಾಸಿ ಮುಗೀಲೇ ಇಲ್ಲ. ಕೆಲವು ಲೇಖಕರು ಇದನ್ನು ಅಲೆಕ್ಸಿಸ್‌ನ ದುರಾಸೆ ಅಂತ ಬರೀತಾರೆ. ತನ್ನ ಹತ್ತಿರ ಇದ್ದ ಒಂದೇ ಒಂದು ಬೆಲೆಬಾಳೋ ವಸ್ತುವಿಗೆ ಅವನು ಬೆಲೆ ಕೇಳಿದ, ಅದರಲ್ಲಿ ತಪ್ಪೇನು? 1853ರಲ್ಲಿ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು, ಅದೇ ನೆಪವಾಗಿ ಏಪ್ರಿಲ್ 25ರಂದು ಬ್ಯೂಮಾಂಟ್ ತೀರಿಕೊಂಡ.

ಅಲೆಕ್ಸಿಸ್ ಇನ್ನೂ 27 ವರ್ಷ ಬದುಕಿದ. 1856ರಲ್ಲಿ ಬಂಟಿಂಗ್ ಅನ್ನೋ ಒಬ್ಬ ಡಾಕ್ಟರ್ ವೇಷದ ವ್ಯಾಪಾರಿ ಅವನನ್ನು ಊರೂರು ಸುತ್ತಿಸಿ, ತೂತು ತೋರಿಸಿ ಹಣ ಮಾಡಿದ. ಅದೂ ಮುಗಿದ ಮೇಲೆ ಮತ್ತೆ ಹೊಲ, ಸೌದೆ, ಬಡತನ, ಕುಡಿತ. ಗುಂಡು ಬಿದ್ದು 58 ವರ್ಷ ಆದ ಮೇಲೆ, 1880ರ ಜೂನ್ 24ರಂದು ಕ್ವಿಬೆಕ್‌ನ ಸೇಂಟ್ ಥಾಮಸ್ ಅನ್ನೋ ಹಳ್ಳಿಯಲ್ಲಿ ಸತ್ತ.

ಆಗ ಮಾಂಟ್ರಿಯಲ್‌ನಲ್ಲಿದ್ದ ವಿಲಿಯಂ ಓಸ್ಲರ್, ಮುಂದೆ ಬಹಳ ದೊಡ್ಡ ಹೆಸರು ಮಾಡಿದ ಡಾಕ್ಟರ್, ಆ ಜಠರವನ್ನು ತೆಗೆದು ವಾಷಿಂಗ್ಟನ್‌ನ ಸೈನ್ಯದ ಮ್ಯೂಸಿಯಂನಲ್ಲಿ ಇಡಬೇಕು ಅಂತ ಆಸೆ ಪಟ್ಟ. ಊರಿನಿಂದ ಬರಬೇಡಿ ಅಂತ ಎಚ್ಚರಿಕೆಯ ತಂತಿ ಬಂತು. ಮನೆಯವರು ಹೆಣವನ್ನು ಜೂನ್ ತಿಂಗಳ ಬಿಸಿಲಿಗೆ ನಾಲ್ಕು ದಿನ ಬೇಕಂತಲೇ ಇಟ್ಟುಕೊಂಡರು, ಯಾವ ಡಾಕ್ಟರಿಗೂ ಉಪಯೋಗಕ್ಕೆ ಬರದ ಹಾಗೆ ಕೊಳೆಯಲಿ ಅಂತ. ವಾಸನೆ ಎಷ್ಟಿತ್ತು ಅಂದರೆ ಪ್ರಾರ್ಥನೆಯ ಹೊತ್ತಿನಲ್ಲಿ ಶವಪೆಟ್ಟಿಗೆಯನ್ನು ಚರ್ಚಿನ ಹೊರಗೇ ಇಡಬೇಕಾಯ್ತು. ಆಮೇಲೆ ಯಾರೂ ಅಗೆದು ತೆಗೆಯದ ಹಾಗೆ ಎಂಟು ಅಡಿ ಆಳದಲ್ಲಿ ಹೂತರು. 1962ರಲ್ಲಿ ಕೆನಡಾದ ಶರೀರಶಾಸ್ತ್ರಜ್ಞರ ಸಂಘ ಆ ಚರ್ಚಿನ ಹತ್ತಿರ ಅವನ ಹೆಸರಲ್ಲಿ ಒಂದು ಫಲಕ ಹಾಕಿಸಿತು.